ಈಥರ್ನೆಟ್ ವಿಳಂಬ ಮಾಪನ

ಈಥರ್ನೆಟ್ ಜಾಲದ ಒಂದು ತುದಿಯಿಂದ ಹೊರಟ ಫ್ರೇಮ್, ಅಂದರೆ ದತ್ತಾಂಶದ ಕಂತೆ, ಮತ್ತೊಂದು ತುದಿಯನ್ನು ತಲುಪಲು ತಗಲುವ ಕಾಲವನ್ನೂ ಅದರ ಏರಿಳಿತವನ್ನೂ ಅಳೆಯುವ ವಿಧಾನ. ಇದರ ನಿಯಮಗಳನ್ನು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು 2006ರಲ್ಲಿ ವೈ.1731 ಎಂಬ ಶಿಫಾರಸಿನಲ್ಲಿ ನಿರೂಪಿಸಿತು.

ಸಂರಚನೆಯಲ್ಲಿ ಮೊದಲು ನಿರ್ವಹಣಾ ವಲಯವನ್ನು ಗುರುತಿಸಿ, ಅದಕ್ಕೆ 0ಯಿಂದ 7ರೊಳಗಿನ ಒಂದು ಹಂತವನ್ನು ಕೊಟ್ಟು, ಎರಡೂ ತುದಿಗಳ ಪೋರ್ಟುಗಳಲ್ಲಿ ಮೆಪ್ ಎನಿಸುವ ಅಂತ್ಯಬಿಂದುಗಳನ್ನು ಬೇರೆ ಬೇರೆ ಗುರುತುಸಂಖ್ಯೆಗಳೊಡನೆ ಸ್ಥಾಪಿಸಲಾಗುತ್ತದೆ. ಹಂತ ಅಥವಾ ವಿಲ್ಯಾನ್, ಅಂದರೆ ಒಂದೇ ಭೌತಿಕ ಜಾಲದೊಳಗಿನ ತಾರ್ಕಿಕ ಉಪಜಾಲ, ತಾಳೆಯಾಗದಿದ್ದರೆ ಮಾಪನವೇ ನಡೆಯದು.

ದ್ವಿಮುಖ ಮಾಪನದಲ್ಲಿ ಡಿಎಂಎಂ ಸಂದೇಶವು ತಾನು ಹೊರಟ ಸಮಯವನ್ನು ಹೊತ್ತು ಸಾಗುತ್ತದೆ. ಎದುರಿನ ತುದಿಯು ಅದು ತಲುಪಿದ ಸಮಯವನ್ನೂ ತನ್ನ ಉತ್ತರವಾದ ಡಿಎಂಆರ್ ಹೊರಡುವ ಸಮಯವನ್ನೂ ಸೇರಿಸಿ ಹಿಂದಿರುಗಿಸುತ್ತದೆ. ಉತ್ತರವು 900 ಮೈಕ್ರೋಸೆಕೆಂಡುಗಳಲ್ಲಿ ಮರಳಿ, ಅದರಲ್ಲಿ 100 ಎದುರಿನ ಸಾಧನದೊಳಗೇ ಕಳೆದಿದ್ದರೆ ಜಾಲದ ವಿಳಂಬ 800 ಮೈಕ್ರೋಸೆಕೆಂಡು. ಪ್ರತಿಯೊಂದು ವ್ಯವಕಲನವೂ ಒಂದೇ ಗಡಿಯಾರದ ಎರಡು ಸಮಯಗಳ ನಡುವೆ ನಡೆಯುವುದರಿಂದ ಗಡಿಯಾರಗಳು ಹೊಂದಿಕೊಂಡಿರಬೇಕಾಗಿಲ್ಲ. ಆದರೆ ಹೋಗುವ ಮತ್ತು ಬರುವ ಹಾದಿಗಳು ಸಮವಲ್ಲದಿದ್ದಲ್ಲಿ ಈ ಮೊತ್ತವನ್ನು ಅರ್ಧಿಸಿ ಏಕಮುಖ ವಿಳಂಬವೆಂದು ಹೇಳುವುದು, ರೂಢಿಯಲ್ಲಿದ್ದರೂ, ಸರಿಯಲ್ಲ.

1ಡಿಎಂ ಸಂದೇಶದ ಏಕಮುಖ ಮಾಪನಕ್ಕೆ ಐಇಇಇ 1588 ಪ್ರೋಟೋಕಾಲ್‌ನಂತಹ ಸಾಧನದಿಂದ ಗಡಿಯಾರಗಳನ್ನು ಹೊಂದಿಸಿರಬೇಕು. ಇಲ್ಲವಾದರೆ ಋಣಾತ್ಮಕ ವಿಳಂಬವೂ ದಾಖಲಾಗಬಹುದು. ಏರಿಳಿತದ ಮಾಪನಕ್ಕೆ ಮಾತ್ರ ಈ ನಿರ್ಬಂಧ ಅಷ್ಟು ಕಟ್ಟುನಿಟ್ಟಲ್ಲ.

ಮಾಪನ ಸಂದೇಶಗಳಿಗೆ ಗ್ರಾಹಕರ ದತ್ತಾಂಶಕ್ಕಿರುವ ಆದ್ಯತೆಯನ್ನೇ ನೀಡಬೇಕು. ಹೆಚ್ಚಿನ ಆದ್ಯತೆ ಪಡೆದ ಸಂದೇಶವು ಸರತಿಯಲ್ಲಿ ಕಾಯದೆ ಮುಂದೆ ಸಾಗಿ, ದಟ್ಟಣೆಯ ವೇಳೆಯಲ್ಲೂ ಅಲ್ಪ ವಿಳಂಬವನ್ನೇ ತೋರಿಸುತ್ತದೆ.