ಮುಳಿ, ಹಂಚು, ತಾರಸಿ

ಕಾಸರಗೋಡಿನ ನಮ್ಮ ಹಳೆಮನೆ ಕೆಡವಿ ಹೊಸತು ಕಟ್ಟಬೇಕು. ಮಕ್ಕಳಿಗೆ ತಾರಸಿ ಬೇಕು, ಉಮ್ಮನಿಗೆ ಹಂಚೇ ಆಗಬೇಕು. ಉಮ್ಮ ಚಿಕ್ಕವರಿದ್ದಾಗ ಮನೆಗೆ ಮುಳಿಹುಲ್ಲಿನ ಮಾಡು. ಮಳೆಗಾಲಕ್ಕೆ ಮುಂಚೆ ಹೊಸದಾಗಿ ಹೊದಿಸಬೇಕು, ಬೆಂಕಿಯ ಭಯ ಬೇರೆ.

ಹಂಚು ಬಂದದ್ದು ಮಂಗಳೂರಿನಿಂದ. 1865ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದರು. ನದಿದಡದ ಆವೆಮಣ್ಣು, ಒಂದರ ಅಂಚಿಗೆ ಇನ್ನೊಂದು ಕೂರುವ ಅಚ್ಚು. ಬಡವರ ಮಾಡಿಗೆ ಅದು ಏರಲು ಮಾತ್ರ ಎಷ್ಟೋ ದಶಕ ಹಿಡಿಯಿತು.

ಹಂಚು ಒಡೆದರೆ ಅದೊಂದನ್ನೇ ಬದಲಿಸಬಹುದು; ಪಕ್ಕಾಸು, ರೀಪಿಗೆ ಗೆದ್ದಲು ಹಿಡಿದರೆ ಕಷ್ಟ. ತಾರಸಿಯೂ ಸುಖವಲ್ಲ. ನಮ್ಮೂರಲ್ಲಿ ಸೋರುವ ತಾರಸಿಗಳ ಮೇಲೆ ಶೀಟಿನ ಮಾಡು ಎದ್ದಿದೆ, ಎರಡೆರಡು ಖರ್ಚು!

ಕೊನೆಗೆ ಕಬ್ಬಿಣದ ಚೌಕಟ್ಟಿಗೆ ಹಳೆಯ ಹಂಚನ್ನೇ ಹೊದಿಸುವುದೆಂದಾಯಿತು. ಅಂಗಳದಲ್ಲಿ ಪೇರಿಸಿದ ಹಂಚುಗಳ ಪಾಚಿಯನ್ನು ಉಮ್ಮ ಉಜ್ಜುತ್ತಿದ್ದಾರೆ.