ಹಿಮದ ಮೇಲಿನ ಕ್ರೀಡಾಕೂಟ: ಏರ್ಪಾಡಿನ ಇತಿಹಾಸ

ವಿದ್ಯಾರ್ಥಿಗಳೇ, ಬಂಕಾಪುರ ಎಂದೊಡನೆ ನಿಮಗೆ ನೆನಪಾಗುವುದು ಕೋಟೆ, ನವಿಲು, ಕೋಟೆಯೊಳಗಿನ ಅರವತ್ತು ಕಂಬದ ಗುಡಿ. ರಾಷ್ಟ್ರಕೂಟರ ಸೇನಾನಿ ಬಂಕೇಯನ ಹೆಸರನ್ನು ಹೊತ್ತ ಈ ಊರು ನಮ್ಮ ಇತಿಹಾಸದ ಪುಸ್ತಕಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಇಲ್ಲಿ ಚಳಿಗಾಲವೆಂದರೆ ಬೆಳಗಿನ ಒಂದಿಷ್ಟು ಮಂಜು, ಹೆಗಲ ಮೇಲೊಂದು ಕಂಬಳಿ, ಅಷ್ಟೇ. ಹಿಮ ಬೀಳುವುದನ್ನು ಇಲ್ಲಿಯವರು ಟಿ.ವಿ. ಪರದೆಯಲ್ಲಷ್ಟೇ ಕಂಡಿದ್ದಾರೆ. ಅಂಥ ಊರಿನ ಹುಡುಗ ಹುಡುಗಿಯರಿಗೆ ಅಂಗವಿಕಲ ಕ್ರೀಡಾಪಟುಗಳ ಚಳಿಗಾಲದ ಅಂತರರಾಷ್ಟ್ರೀಯ ಕೂಟದ ಕಥೆ ಯಾಕೆ ಬೇಕು ಎಂದು ನೀವು ಕೇಳಬಹುದು.

ನಿಮ್ಮ ಶಾಲೆಯ ಕ್ರೀಡಾ ದಿನವನ್ನು ಒಮ್ಮೆ ನೆನಪಿಸಿಕೊಳ್ಳಿ. ಸುಣ್ಣದ ಗೆರೆ ಎಳೆದಿರುತ್ತದೆ, ಪಿ.ಟಿ. ಮೇಷ್ಟ್ರು ಸೀಟಿ ಊದುತ್ತಿರುತ್ತಾರೆ. ತರಗತಿಯಲ್ಲಿ ಪೋಲಿಯೋದಿಂದ ಕಾಲು ಸಣ್ಣಗಾದ ಒಬ್ಬ ಹುಡುಗನಿದ್ದರೆ ಅವನಿಗೆ ಅಂದು ಯಾವ ಕೆಲಸ? ಬಹುಮಟ್ಟಿಗೆ ಉಳಿದವರ ಚಪ್ಪಲಿ, ಚೀಲ ಕಾಯುವುದು. ಯಾರೂ ಅವನನ್ನು ಬೇಕೆಂದೇ ಹೊರಗಿಟ್ಟಿರುವುದಿಲ್ಲ. ಆಟಗಳ ಪಟ್ಟಿ ಬರೆಯುವಾಗ ಅವನ ನೆನಪು ಯಾರಿಗೂ ಬಂದಿರುವುದಿಲ್ಲ, ಅಷ್ಟೇ. ಒಂದು ಕೂಟದಲ್ಲಿ ಯಾರಿಗೆ ಜಾಗ ಎಂಬುದು ಮೈದಾನದಲ್ಲಿ ತೀರ್ಮಾನವಾಗುವುದಿಲ್ಲ. ಅದಕ್ಕೆ ಎಷ್ಟೋ ತಿಂಗಳು ಮೊದಲು, ಏರ್ಪಾಡಿನ ಕಾಗದದ ಮೇಲೆಯೇ ತೀರ್ಮಾನವಾಗಿಬಿಟ್ಟಿರುತ್ತದೆ. ಹಿಮದ ನಾಡುಗಳ ಈ ಕಥೆ ಅದನ್ನು ಬಹಳ ಚೆನ್ನಾಗಿ ತೋರಿಸುತ್ತದೆ.

1948ನೆಯ ಇಸವಿಯಿಂದ ಆರಂಭಿಸೋಣ. ಆ ವರ್ಷ ಜುಲೈ 29ರಂದು ಲಂಡನ್ನಿನಲ್ಲಿ ಒಲಿಂಪಿಕ್ ಕೂಟ ಉದ್ಘಾಟನೆಯಾಯಿತು. ಅದೇ ದಿನ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯ ಅಂಗಳದಲ್ಲಿ ಗಾಲಿಕುರ್ಚಿಯ ಮೇಲೆ ಕುಳಿತ 16 ಮಂದಿ ಬಿಲ್ಲುಗಾರಿಕೆಯ ಸ್ಪರ್ಧೆ ನಡೆಸಿದರು. ಎಲ್ಲರೂ ಯುದ್ಧದಲ್ಲಿ ಬೆನ್ನುಹುರಿಗೆ ಪೆಟ್ಟು ತಿಂದವರು. ಏರ್ಪಡಿಸಿದವರು ಲುಡ್ವಿಗ್ ಗುಟ್‌ಮನ್ ಎಂಬ ವೈದ್ಯರು. ನಾಜಿಗಳ ಜರ್ಮನಿಯಿಂದ ತಪ್ಪಿಸಿಕೊಂಡು ಬಂದವರು. ಪ್ಯಾರಾಲಿಂಪಿಕ್ ಚಳವಳಿಯ ಬೇರು ಅಲ್ಲಿದೆ ಎಂಬುದನ್ನು ನೀವು ಓದಿರಬಹುದು. ಅದೇ 1948ರಲ್ಲಿ ಆಸ್ಟ್ರಿಯಾದ ಬಾಡ್ ಗಾಸ್ಟೈನ್ ಎಂಬಲ್ಲಿ 17 ಮಂದಿ ಅಂಗವಿಕಲರು ಹಿಮದ ಮೇಲೆ ಸ್ಕೀ ಸ್ಪರ್ಧೆ ನಡೆಸಿದರು ಎಂಬುದು ಅಷ್ಟು ಪ್ರಸಿದ್ಧವಾಗಿಲ್ಲ. ಕಾಲು ಕಳೆದುಕೊಂಡ ಸೈನಿಕರು ಊರುಗೋಲಿನ ತುದಿಗೆ ಪುಟ್ಟ ಸ್ಕೀ ಹಲಗೆ ಕಟ್ಟಿಕೊಂಡು, ಒಂಟಿ ಕಾಲಿನ ಸ್ಕೀ ಜೊತೆಗೆ ಒಟ್ಟು ಮೂರು ಹಲಗೆಗಳ ಮೇಲೆ ಇಳಿಜಾರಿನಲ್ಲಿ ಜಾರಲು ಕಲಿತಿದ್ದರು. ಭೌತಶಾಸ್ತ್ರ ಓದುವವರು ಇದನ್ನು ಗಮನಿಸಬೇಕು: ನೆಲ ಮುಟ್ಟುವ ಬಿಂದುಗಳು ಮೂರಾದರೆ ಸಮತೋಲನ ತಾನಾಗಿಯೇ ಸುಲಭವಾಗುತ್ತದೆ.

ಬೇಸಿಗೆಯ ಕೂಟ ಬೇಗ ಬೆಳೆಯಿತು. 1960ರಲ್ಲಿ ರೋಮ್ ನಗರದಲ್ಲಿ 23 ದೇಶಗಳ ಸುಮಾರು 400 ಮಂದಿ ಸೇರಿದರು. ಆದರೆ ಅವರಿಗೆ ಕೊಟ್ಟ ವಸತಿ ಕಟ್ಟಡಗಳು ಕಂಬಗಳ ಮೇಲೆ ಎತ್ತರದಲ್ಲಿ ನಿಂತಿದ್ದವು. ಗಾಲಿಕುರ್ಚಿಯಲ್ಲಿದ್ದ ಸ್ಪರ್ಧಿಗಳನ್ನು ಇಟಲಿಯ ಸೈನಿಕರು ಎತ್ತಿಕೊಂಡು ಮೆಟ್ಟಿಲು ಹತ್ತಿಸಬೇಕಾಯಿತು. ಇಡೀ ಜಗತ್ತಿನಿಂದ ಅತಿಥಿಗಳನ್ನು ಕರೆದು, ಅವರು ಮನೆಯೊಳಗೆ ಹೇಗೆ ಬರುತ್ತಾರೆ ಎಂದು ಯೋಚಿಸದಿದ್ದರೆ ಹೀಗಾಗುತ್ತದೆ.

ಚಳಿಗಾಲದ ಮೊದಲ ಕೂಟಕ್ಕೆ ಇನ್ನೂ 16 ವರ್ಷ ಕಾಯಬೇಕಾಯಿತು. 1976ರ ಫೆಬ್ರವರಿಯಲ್ಲಿ ಸ್ವೀಡನ್ನಿನ ಅರ್ನ್‌ಶೋಲ್ಡ್ಸ್‌ವಿಕ್ ಎಂಬ ಪಟ್ಟಣದಲ್ಲಿ (ಹೆಸರು ಬಾಯಿಗೆ ಕಷ್ಟ, ಬಿಡಿ) 16 ದೇಶಗಳ ಸುಮಾರು 200 ಮಂದಿ ಸೇರಿದರು. ಬೆಟ್ಟದ ಇಳಿಜಾರಿನ ಸ್ಕೀ, ಬಯಲಿನ ದೂರ ಓಟದ ಸ್ಕೀ, ಇವೆರಡೇ ಮುಖ್ಯ ಸ್ಪರ್ಧೆಗಳು. ಅಲ್ಲಿ ಯಾರಿದ್ದರು? ಕೈ ಅಥವಾ ಕಾಲು ಕಳೆದುಕೊಂಡವರು ಮತ್ತು ದೃಷ್ಟಿದೋಷವಿದ್ದವರು. ಯಾರಿರಲಿಲ್ಲ? ಗಾಲಿಕುರ್ಚಿಯವರು. ಯಾವ ಬೆನ್ನುಹುರಿಯ ರೋಗಿಗಳಿಂದ ಈ ಚಳವಳಿಯೇ ಹುಟ್ಟಿತೋ, ಅವರಿಗೇ ಹಿಮದ ಮೇಲೆ ಪದಕದ ಸ್ಪರ್ಧೆಯಿರಲಿಲ್ಲ. ಮಂಜುಗಡ್ಡೆಯ ಮೇಲೆ ಕೈಕೋಲು ಊರಿ ಓಡಿಸುವ ಜಾರುಬಂಡಿಯನ್ನು ಪ್ರದರ್ಶನಕ್ಕೆಂದು ಮಾತ್ರ ತೋರಿಸಲಾಯಿತು. 1980ರಲ್ಲಿ ನಾರ್ವೆಯ ಯೈಲೋದಲ್ಲಿ ಜಾರುಬಂಡಿ ಓಟ ಪದಕದ ಸ್ಪರ್ಧೆಯಾಯಿತು. ಕುಳಿತೇ ಸ್ಕೀ ಮಾಡುವ ಆಸನ ಕೂಟಕ್ಕೆ ಬಂದದ್ದು ಅದಾದ ಮೇಲೆ. 1988ರ ಕೂಟದಲ್ಲಿ ಅದಕ್ಕೂ ಜಾಗ ಸಿಕ್ಕಿತು. ಮನುಷ್ಯರ ದೇಹ ಈ 12 ವರ್ಷಗಳಲ್ಲಿ ಬದಲಾಗಲಿಲ್ಲ. ಬದಲಾದದ್ದು ಸಲಕರಣೆ ಮತ್ತು ಸ್ಪರ್ಧೆಗಳ ಪಟ್ಟಿ.

ಇಂಥ ಕೂಟದ ಏರ್ಪಾಡಿನಲ್ಲಿ ಏನೇನು ಯೋಚಿಸಬೇಕಾಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ. ವಿಜ್ಞಾನ ಓದಿದ ನನಗೆ ಇಡೀ ಕಥೆಯಲ್ಲಿ ಹೆಚ್ಚು ಹಿಡಿಸುವುದು ಈ ಭಾಗವೇ. ಬೆನ್ನುಹುರಿಗೆ ಪೆಟ್ಟಾದವರಿಗೆ ಕಾಲಿನಲ್ಲಿ ಸ್ಪರ್ಶಜ್ಞಾನವಿರುವುದಿಲ್ಲ. ನಮಗೆ ಬೆರಳು ಮರಗಟ್ಟಿದರೆ ನೋವಾಗಿ ಎಚ್ಚರಿಕೆ ಸಿಗುತ್ತದೆ. ಅವರಿಗೆ ಆ ಎಚ್ಚರಿಕೆ ಸಿಗುವುದಿಲ್ಲ. ಶೂನ್ಯಕ್ಕಿಂತ ಕೆಳಗಿನ ಉಷ್ಣತೆಯಲ್ಲಿ ಕಾಲಿನ ಮಾಂಸ ಹೆಪ್ಪುಗಟ್ಟಿದರೂ ತಿಳಿಯುವುದಿಲ್ಲ. ಆದ್ದರಿಂದ ಸ್ಪರ್ಧೆ ಆರಂಭವಾಗುವ ಜಾಗದಲ್ಲಿ ಅವರನ್ನು ಹೆಚ್ಚು ಹೊತ್ತು ಕಾಯಿಸುವಂತಿಲ್ಲ, ಬೆಚ್ಚಗಿನ ಕೋಣೆ ಹತ್ತಿರದಲ್ಲೇ ಇರಬೇಕು. ಹಿಮದಲ್ಲಿ ಗಾಲಿಕುರ್ಚಿಯ ಚಕ್ರ ಹೂತುಹೋಗುತ್ತದೆ, ಹಾಗಾಗಿ ದಾರಿಗಳ ಹಿಮವನ್ನು ಮತ್ತೆ ಮತ್ತೆ ತೆಗೆಯಬೇಕು. ಬಸ್ಸಿನ ಬಾಗಿಲು, ಊಟದ ಮೇಜಿನ ಎತ್ತರ, ಶೌಚಾಲಯದ ಅಗಲ, ಎಲ್ಲವನ್ನೂ ಅಳತೆ ಹಿಡಿದು ನೋಡಬೇಕು. ಕುಳಿತು ಸ್ಪರ್ಧಿಸುವವರು ತೋಳಿನ ಬಲದಿಂದಲೇ ಏರು ಹತ್ತುವುದರಿಂದ ದೂರ ಓಟದ ದಾರಿಯಲ್ಲಿ ಏರು ಕಡಿದಾಗಿರಬಾರದು, ತಿರುವು ಹರಿತವಾಗಿರಬಾರದು.

ಇನ್ನು ನ್ಯಾಯದ ಪ್ರಶ್ನೆ. ಒಂದು ಕಾಲಿಲ್ಲದವನನ್ನೂ ಒಂದು ಕೈಯಿಲ್ಲದವನನ್ನೂ ಒಟ್ಟಿಗೆ ಓಡಿಸುವುದು ಹೇಗೆ? ಮೊದಮೊದಲು ಪ್ರತಿಯೊಂದು ಬಗೆಯ ದೋಷಕ್ಕೂ ಬೇರೆ ಬೇರೆ ಸ್ಪರ್ಧೆ ಇಡುತ್ತಿದ್ದರು. ಪದಕಗಳು ರಾಶಿರಾಶಿಯಾದವು. ಕೆಲವು ವರ್ಗಗಳಲ್ಲಿ ಬೆರಳೆಣಿಕೆಯ ಸ್ಪರ್ಧಿಗಳು ಮಾತ್ರ ಇರುತ್ತಿದ್ದರು, ಗೆಲುವಿಗೆ ಅರ್ಥವೇ ಉಳಿಯುತ್ತಿರಲಿಲ್ಲ. 2006ರ ಟೊರಿನೊ ಕೂಟದಿಂದ ಸ್ಕೀ ಸ್ಪರ್ಧೆಗಳಲ್ಲಿ ನಿಂತು ಆಡುವವರು, ಕುಳಿತು ಆಡುವವರು, ದೃಷ್ಟಿದೋಷವಿರುವವರು ಎಂದು ಮೂರೇ ಗುಂಪು ಮಾಡಿದರು. ಗುಂಪಿನೊಳಗಿನ ವ್ಯತ್ಯಾಸವನ್ನು ಗಣಿತದಿಂದ ಸರಿದೂಗಿಸುತ್ತಾರೆ. ಒಂದು ಕಲ್ಪಿತ ಉದಾಹರಣೆ ಕೊಡುತ್ತೇನೆ. ಒಬ್ಬನ ಗುಣಕ 1.00, ಅವನು 92 ಸೆಕೆಂಡಿನಲ್ಲಿ ಗುರಿ ಮುಟ್ಟಿದ. ಹೆಚ್ಚು ತೊಂದರೆಯಿರುವ ಇನ್ನೊಬ್ಬನ ಗುಣಕ 0.90, ಅವನಿಗೆ 100 ಸೆಕೆಂಡು ಬೇಕಾಯಿತು. ಗುಣಿಸಿದರೆ ಎರಡನೆಯವನ ಕಾಲ 90 ಸೆಕೆಂಡು, ಆದ್ದರಿಂದ ಗೆದ್ದವನು ಅವನೇ. ಈ ಗುಣಕ ಸರಿಯೇ ಎಂಬ ವಾದ ಸ್ಪರ್ಧಿಗಳಲ್ಲಿ ನಡೆಯುತ್ತಲೇ ಇರುತ್ತದೆ. ನಡೆಯಲಿ, ವಾದವಿಲ್ಲದೆ ಯಾವ ಅಳತೆಗೋಲೂ ಸುಧಾರಿಸುವುದಿಲ್ಲ.

ಕಣ್ಣು ಕಾಣದವರು ಬೆಟ್ಟದಿಂದ ಜಾರಿ ಇಳಿಯುವುದನ್ನು ನೀವು ಪರದೆಯ ಮೇಲೆ ನೋಡಿದರೆ ಉಸಿರು ಬಿಗಿಹಿಡಿಯುತ್ತೀರಿ. ಮುಂದೆ ಒಬ್ಬ ಮಾರ್ಗದರ್ಶಿ ಜಾರುತ್ತಾ ಕೂಗಿ ಹೇಳುತ್ತಾನೆ: ಎಡಕ್ಕೆ, ಬಲಕ್ಕೆ, ಉಬ್ಬಿದೆ, ನಿಲ್ಲು. ಈಚೆಗೆ ಶಿರಸ್ತ್ರಾಣದೊಳಗೆ ರೇಡಿಯೋ ಅಳವಡಿಸಿರುತ್ತಾರೆ. ಗೆದ್ದರೆ ಪದಕ ಇಬ್ಬರ ಕೊರಳಿಗೂ ಬೀಳುತ್ತದೆ. ಸ್ಕೀ ಮಾಡುತ್ತಾ ನಡುನಡುವೆ ನಿಂತು ಬಂದೂಕಿನಿಂದ ಗುರಿಗೆ ಹೊಡೆಯುವ ಬಯಾಥ್ಲಾನ್ ಸ್ಪರ್ಧೆ 1992ರಿಂದ ದೃಷ್ಟಿದೋಷವಿರುವವರಿಗೂ ಇದೆ. ಕಾಣದವರು ಗುರಿ ಹಿಡಿಯುವುದು ಹೇಗೆ? ಕಿವಿಯಿಂದ. ಬಂದೂಕಿನ ತುದಿ ಗುರಿಯ ಕೇಂದ್ರದತ್ತ ಸರಿದಂತೆಲ್ಲ ಕಿವಿಯೊಳಗಿನ ನಾದದ ಸ್ಥಾಯಿ ಬದಲಾಗುತ್ತದೆ. ನಮ್ಮ ಸಂಗೀತಗಾರರು ಶ್ರುತಿ ಹಿಡಿಯುವಂತೆ ಅವರು ಗುರಿ ಹಿಡಿಯುತ್ತಾರೆ. ಮಾರ್ಗದರ್ಶಿಯ ಮಾತು ಬಂದದ್ದಕ್ಕೆ ನಮ್ಮ ಕರ್ನಾಟಕದ ಒಂದು ಉದಾಹರಣೆಯನ್ನೂ ಹೇಳಬೇಕು. ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು 2018ರಲ್ಲಿ ಜಕಾರ್ತಾದ ಏಷ್ಯನ್ ಪ್ಯಾರಾ ಕೂಟದಲ್ಲಿ 1500 ಮೀಟರ್ ಓಟದ ಚಿನ್ನ ಗೆದ್ದದ್ದು ಹೀಗೆಯೇ, ಜೊತೆಗೆ ಓಡುವ ಮಾರ್ಗದರ್ಶಿಯೊಡನೆ.

ಇಷ್ಟೆಲ್ಲಕ್ಕೂ ಹಣ ಬೇಕು. 1988ರ ಚಳಿಗಾಲದ ಒಲಿಂಪಿಕ್ಸ್ ಕೆನಡಾದ ಕ್ಯಾಲ್ಗರಿಯಲ್ಲಿ ನಡೆಯಿತು. ಅಂಗವಿಕಲರ ಕೂಟವನ್ನೂ ಅಲ್ಲೇ ನಡೆಸುವ ಪ್ರಯತ್ನ ಹಣದ ತೊಡಕಿನಿಂದ ಕೈಗೂಡಲಿಲ್ಲ. ಕೂಟ ಆಸ್ಟ್ರಿಯಾದ ಇನ್ಸ್‌ಬ್ರುಕ್‌ಗೆ ಹೋಯಿತು, 1984ರಲ್ಲೂ ಅಲ್ಲೇ ನಡೆದಿತ್ತು. ಒಲಿಂಪಿಕ್ಸ್ ನಡೆದ ಸೀಮೆಯಲ್ಲೇ ಚಳಿಗಾಲದ ಪ್ಯಾರಾಲಿಂಪಿಕ್ಸ್ ಮೊದಲ ಬಾರಿಗೆ ನಡೆದದ್ದು 1992ರಲ್ಲಿ, ಫ್ರಾನ್ಸಿನ ತೀನ್ಯದಲ್ಲಿ. 1994ರಲ್ಲಿ ನಾರ್ವೆಯ ಲಿಲ್ಲೆಹಾಮರ್‌ನಲ್ಲಿ ಜಾರುಬಂಡಿಯ ಹಾಕಿ ಸೇರಿತು. 1998ರಲ್ಲಿ ಜಪಾನಿನ ನಗಾನೊ ಮೂಲಕ ಕೂಟ ಮೊದಲ ಸಲ ಯುರೋಪಿನಿಂದ ಹೊರಗೆ, ನಮ್ಮ ಏಷ್ಯಾಕ್ಕೆ ಬಂತು. ಒಲಿಂಪಿಕ್ಸ್ ಕೇಳುವ ನಗರ ಪ್ಯಾರಾಲಿಂಪಿಕ್ಸ್ ಹೊಣೆಯನ್ನೂ ಹೊರಲೇಬೇಕು ಎಂಬ ಒಪ್ಪಂದವಾದದ್ದು 2001ರಲ್ಲಿ. ಅಲ್ಲಿಯವರೆಗೆ ಅದು ಆತಿಥೇಯರ ಔದಾರ್ಯಕ್ಕೆ ಬಿಟ್ಟ ವಿಷಯವಾಗಿತ್ತು. ಈಗಲೂ ಒಂದು ತೊಡಕು ಉಳಿದಿದೆ. ಒಲಿಂಪಿಕ್ಸ್ ಫೆಬ್ರವರಿಯಲ್ಲಿ ಮುಗಿದ ಮೇಲೆ ಈ ಕೂಟ ಮಾರ್ಚಿನಲ್ಲಿ ಬರುತ್ತದೆ. ಅಷ್ಟರಲ್ಲಿ ಬಿಸಿಲು ಏರಿ ಹಿಮ ಮೆತ್ತಗಾಗಿರುತ್ತದೆ. 2014ರಲ್ಲಿ ರಷ್ಯಾದ ಸೋಚಿಯಲ್ಲಿ ಸ್ಪರ್ಧಿಗಳು ನೀರಾಡುವ ಹಿಮದ ಮೇಲೆ ಜಾರಬೇಕಾಯಿತು. ಗಟ್ಟಿ ಹಿಮ ಒಬ್ಬರಿಗೆ, ಕರಗುವ ಹಿಮ ಇನ್ನೊಬ್ಬರಿಗೆ ಎಂಬ ಈ ಕ್ರಮ ನನಗೇನೋ ಸರಿ ಕಾಣುವುದಿಲ್ಲ.

ನಮ್ಮ ದೇಶದ ಪಾಲು ಏನು? ಬೇಸಿಗೆಯ ಕೂಟಕ್ಕೆ ಭಾರತ 1968ರಲ್ಲೇ ಹೋಯಿತು. 1965ರ ಯುದ್ಧದಲ್ಲಿ ಗುಂಡೇಟು ತಿಂದಿದ್ದ ಮುರಳಿಕಾಂತ ಪೇಟ್ಕರ್ 1972ರಲ್ಲಿ ಈಜಿನಲ್ಲಿ ಚಿನ್ನ ತಂದರು. ಬೆಂಗಳೂರಿನ ಮಾಲತಿ ಹೊಳ್ಳ 1988ರಲ್ಲಿ ಸೋಲ್‌ಗೆ ಹೋದರು. 2001ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಹಾಸನ ಜಿಲ್ಲೆಯ ಗಿರೀಶ 2012ರಲ್ಲಿ ಲಂಡನ್ನಿನಲ್ಲಿ 1.74 ಮೀಟರ್ ಎತ್ತರ ಜಿಗಿದು ಬೆಳ್ಳಿ ಗೆದ್ದರು. ಏರ್ಪಾಡಿನ ವಿಷಯದಲ್ಲೂ ಕರ್ನಾಟಕ ಹಿಂದೆ ಬಿದ್ದಿಲ್ಲ: ಗಾಲಿಕುರ್ಚಿ ಮತ್ತು ಅಂಗಚ್ಛೇದಿತ ಕ್ರೀಡಾಪಟುಗಳ ಜಾಗತಿಕ ಕೂಟ 2009ರ ನವೆಂಬರಿನಲ್ಲಿ ಬೆಂಗಳೂರಿನಲ್ಲೇ ನಡೆಯಿತು. ಸ್ಟೋಕ್ ಮ್ಯಾಂಡೆವಿಲ್ ಅಂಗಳದಲ್ಲಿ 16 ಜನರಿಂದ ಆರಂಭವಾದ ಕೂಟದ ನೇರ ವಂಶಸ್ಥ ಅದು. ಆದರೆ ಚಳಿಗಾಲದ ಪ್ಯಾರಾಲಿಂಪಿಕ್ಸ್‌ನಲ್ಲಿ, 1976ರಿಂದ 2022ರ ಬೀಜಿಂಗ್‌ವರೆಗೆ, ಭಾರತದ ಒಬ್ಬ ಸ್ಪರ್ಧಿಯೂ ಇರಲಿಲ್ಲ. ಹಿಮಾಲಯ ನಮ್ಮದೇ. ಗುಲ್ಮಾರ್ಗದಲ್ಲಿ 2020ರಿಂದ ಖೇಲೋ ಇಂಡಿಯಾ ಚಳಿಗಾಲದ ಕೂಟವೂ ನಡೆಯುತ್ತಿದೆ. ಹಿಮವಿದ್ದ ಮಾತ್ರಕ್ಕೆ ಆಗಲಿಲ್ಲ. ಕುಳಿತು ಜಾರುವ ಆಸನ, ತರಬೇತುದಾರ, ಬೆಟ್ಟದ ಬುಡದವರೆಗೆ ಗಾಲಿಕುರ್ಚಿ ತಲುಪುವ ದಾರಿ ಬೇಕು.

ಬುದ್ಧಿಮಾಂದ್ಯ ಮಕ್ಕಳ ವಿಷಯ ಬೇರೆ. ಅವರಿಗಾಗಿ 1968ರಲ್ಲಿ ಅಮೆರಿಕದಲ್ಲಿ ಆರಂಭವಾದ ಸ್ಪೆಷಲ್ ಒಲಿಂಪಿಕ್ಸ್ 1977ರಲ್ಲೇ ಕೊಲೊರಾಡೊ ರಾಜ್ಯದಲ್ಲಿ ಮೊದಲ ಚಳಿಗಾಲದ ಕೂಟ ನಡೆಸಿತು. ಅಲ್ಲಿ ಮೊದಲು ಪರೀಕ್ಷಾ ಸ್ಪರ್ಧೆ ನಡೆಸಿ, ಸಮಾನ ಶಕ್ತಿಯವರನ್ನೇ ಒಂದು ಗುಂಪಿಗೆ ಹಾಕುತ್ತಾರೆ. 2025ರ ಮಾರ್ಚಿನಲ್ಲಿ ಇಟಲಿಯ ಟೊರಿನೊದಲ್ಲಿ ನಡೆದ ಈ ಕೂಟದಿಂದ ಭಾರತದ ತಂಡ 33 ಪದಕ ತಂದಿತು. ಆ ಕೂಟದ ಆಟಗಳಲ್ಲಿ ಫ್ಲೋರ್‌ಬಾಲ್ ಎಂಬುದೊಂದಿದೆ. ಹೆಸರಿಗೆ ಚಳಿಗಾಲದ ಆಟ, ಆದರೆ ಅದಕ್ಕೆ ಹಿಮ ಬೇಡ, ಮಂಜುಗಡ್ಡೆಯೂ ಬೇಡ. ಹಾಕಿಯಂತೆ ಬಾಗಿದ ಹಗುರ ಕೋಲು, 23 ಗ್ರಾಂ ತೂಕದ, ಮೈತುಂಬ ತೂತುಗಳಿರುವ ಪ್ಲಾಸ್ಟಿಕ್ ಚೆಂಡು, ಸಮನಾದ ನೆಲ, ಇಷ್ಟಿದ್ದರೆ ಸಾಕು. ಬಂಕಾಪುರದ ಯಾವುದೇ ಶಾಲೆಯ ಪ್ರಾರ್ಥನಾ ಕಟ್ಟೆಯ ಸಿಮೆಂಟು ನೆಲದ ಮೇಲೆ ನಾಳೆ ಬೆಳಗ್ಗೆಯೇ ಆಡಬಹುದು.