ಕೊಡಲಿ ಏಟು ತಿಂದ ಕದದ ಕತೆ

ಅಮೆರಿಕದ ಮೆಸಾಚುಸೆಟ್ಸ್ ರಾಜ್ಯದ ಪುಟ್ಟ ಊರು ಡೀರ್‌ಫೀಲ್ಡ್. ಅಲ್ಲಿನ ಮೆಮೋರಿಯಲ್ ಹಾಲ್ ವಸ್ತುಸಂಗ್ರಹಾಲಯದಲ್ಲಿ ಹಳೆಯ ಮರದ ಕದವೊಂದಿದೆ. ದಪ್ಪ ಹಲಗೆ, ಮೈತುಂಬ ಮೊಳೆ, ನಡುವೆ ಕೊಡಲಿಯಿಂದ ಕಡಿದು ಮಾಡಿದ ತೂತು. ಊರಿನ ಇತಿಹಾಸ ಕೇಳಿ ಬಂದವರಿಗೆ ಮೊದಲು ತೋರಿಸುವುದು ಇದನ್ನೇ.

1704ರ ಫೆಬ್ರುವರಿ 29. ಇನ್ನೂ ಬೆಳಕು ಹರಿದಿರಲಿಲ್ಲ. ಇಂಗ್ಲೆಂಡಿಗೂ ಫ್ರಾನ್ಸಿಗೂ ಯುದ್ಧ ನಡೆದಿದ್ದ ಕಾಲ. ಇಂಗ್ಲಿಷ್ ವಲಸೆಗಾರರ ಈ ಗಡಿ ಊರಿಗೆ ಮರದ ಗೂಟಗಳ ಕೋಟೆ ಇತ್ತು. ಆದರೆ ಗಾಳಿಗೆ ಒಟ್ಟಿಕೊಂಡ ಹಿಮವೇ ಅದಕ್ಕೆ ಏಣಿಯಾಯಿತು. ಕೆನಡಾದಿಂದ ಬಂದ ಫ್ರೆಂಚರೂ ಅವರ ಜತೆಗಿದ್ದ ಮೂಲನಿವಾಸಿ ಯೋಧರೂ ಒಳನುಗ್ಗಿದರು. ಜಾನ್ ಶೆಲ್ಡನ್ ಎಂಬಾತನ ಮನೆಯ ಕದ ಮಾತ್ರ ಸುಲಭಕ್ಕೆ ಬಗ್ಗಲಿಲ್ಲ. ಕೊಡಲಿಯಿಂದ ಕಿಂಡಿ ಕೊರೆದು, ಅದರೊಳಗಿಂದ ಹಾರಿಸಿದ ಗುಂಡಿಗೆ ಶೆಲ್ಡನ್‌ನ ಹೆಂಡತಿ ಬಲಿಯಾದಳೆಂದು ಪ್ರತೀತಿ. ಅಂದು ಐವತ್ತರಷ್ಟು ಮಂದಿ ಸತ್ತರು. 112 ಮಂದಿಯನ್ನು ಸೆರೆಹಿಡಿದು, ಹಿಮದಲ್ಲಿ ಸುಮಾರು 300 ಮೈಲಿ ನಡೆಸಿಕೊಂಡು ಕೆನಡಾಕ್ಕೆ ಒಯ್ದರು. ದಾರಿಯಲ್ಲೇ ಸತ್ತವರಲ್ಲಿ ಊರಿನ ಪಾದ್ರಿಯ ಹೆಂಡತಿಯೂ ಒಬ್ಬಳು. ಶೆಲ್ಡನ್ ಮುಂದೆ ಹಲವು ಸಲ ಕೆನಡಾಕ್ಕೆ ಹೋಗಿ ಸೆರೆಯಾಳುಗಳ ಬಿಡುಗಡೆಗೆ ಮಾತುಕತೆ ನಡೆಸಿದ.

ಇಂಥ ಮನೆಯನ್ನೂ ಊರು ಉಳಿಸಿಕೊಳ್ಳಲಿಲ್ಲ. 1847ರಲ್ಲಿ ಕೆಲವರು ಓಡಾಡಿದರೂ ಫಲ ಸಿಗದೆ, ಮರುವರ್ಷ ಮನೆ ನೆಲಸಮವಾಯಿತು. ಉಳಿದ ಕದವೂ 1863ರಲ್ಲಿ ಬಾಸ್ಟನ್ ಕಡೆಯ ವೈದ್ಯರೊಬ್ಬರಿಗೆ ಮಾರಾಟವಾಯಿತು. ಕಳೆದುಕೊಂಡ ಮೇಲೆ ಬೆಲೆ ತಿಳಿಯುವುದು ಎಲ್ಲ ಊರಿನ ಕತೆ ತಾನೇ! 1868ರಲ್ಲಿ ಕದ ಊರಿಗೆ ವಾಪಸಾಯಿತು. ಎರಡೇ ವರ್ಷಕ್ಕೆ ಪೊಕುಮ್‌ಟಕ್ ಕಣಿವೆ ಸ್ಮಾರಕ ಸಂಘ ಹುಟ್ಟಿತು. ಅದೇ ವಂಶದ ಜಾರ್ಜ್ ಶೆಲ್ಡನ್ ಅದರ ಜೀವಾಳ. ಹಳೆಯ ಮನೆಗಳ ಸಾಮಾನು, ಕಾಗದಪತ್ರ ಸೇರಿಸಿ, 1798ರ ಶಾಲಾ ಕಟ್ಟಡದಲ್ಲಿ 1880ರಲ್ಲಿ ಸಂಗ್ರಹಾಲಯ ತೆರೆದರು.

ಸ್ವಾರಸ್ಯವೆಂದರೆ, ಸಂಘದ ಹೆಸರಿನಲ್ಲಿರುವ ‘ಪೊಕುಮ್‌ಟಕ್’ ಎಂಬುದು ಇಂಗ್ಲಿಷರಿಗಿಂತ ಮೊದಲು ಆ ನೆಲದಲ್ಲಿ ಬದುಕಿದ್ದ ಮೂಲನಿವಾಸಿಗಳ ಹೆಸರು. ಆದರೆ ಒಳಗೆ ಗೋಡೆಯ ಅಮೃತಶಿಲೆಯ ಫಲಕಗಳಲ್ಲಿ ದಾಳಿಗೆ ತುತ್ತಾದ ಇಂಗ್ಲಿಷರಿಗೆ ಹೆಸರುಂಟು. ಮೂಲನಿವಾಸಿಗಳು ಬರೀ ‘ಅನಾಗರಿಕರು’. ಕದದ ಒಳಗಿದ್ದವರ ಕತೆಯಷ್ಟೇ ಕಲ್ಲಿನಲ್ಲಿ ದಾಖಲಾಯಿತು.

ಆ ದಾಖಲೆಗೆ ಒಗ್ಗದವಳು ಪಾದ್ರಿಯ ಮಗಳು ಯುನಿಸ್ ವಿಲಿಯಮ್ಸ್. ಸೆರೆಹೋದಾಗ ಅವಳಿಗೆ ಏಳು ವರ್ಷ. ತಂದೆ ಬಿಡುಗಡೆಯಾಗಿ ಬಂದು 1707ರಲ್ಲಿ ತನ್ನ ಸೆರೆವಾಸವನ್ನು ಪುಸ್ತಕವಾಗಿಸಿದ. ಮಗಳು ಬರಲಿಲ್ಲ. ಮಾಂಟ್ರಿಯಲ್ ಬಳಿಯ ಕಾನವಾಕೆಯ ಮೊಹಾಕರು ಅವಳನ್ನು ತಮ್ಮವಳನ್ನಾಗಿ ಮಾಡಿಕೊಂಡರು. ಇಂಗ್ಲಿಷ್ ಮರೆತಳು, ಕ್ಯಾಥೊಲಿಕ್ ಆದಳು, ಮೊಹಾಕ್ ಯುವಕನನ್ನು ಮದುವೆಯಾದಳು. 1740ರಿಂದ ಕೆಲವು ಸಲ ಒಡಹುಟ್ಟಿದವರನ್ನು ನೋಡಲು ಬಂದಳು. ಇಲ್ಲೇ ಇದ್ದುಬಿಡು ಎಂದು ಅವರು ಅಂಗಲಾಚಿದರೂ ನಿಲ್ಲಲಿಲ್ಲ. 1785ರಲ್ಲಿ ತೀರಿಕೊಂಡದ್ದು ಕಾನವಾಕೆಯಲ್ಲೇ. ತೌರಿನವರು ಅದನ್ನು ಸೆರೆ ಎಂದರು. ಅವಳಿಗೆ ಅದು ಮನೆ.

ದಾಳಿಯ 300ನೇ ವರ್ಷವಾದ 2004ರಲ್ಲಿ ಸಂಘ ಅದೇ ಘಟನೆಯನ್ನು ಇಂಗ್ಲಿಷರು, ಫ್ರೆಂಚರು, ಮೊಹಾಕರು, ಅಬೆನಕಿಗಳು, ಹ್ಯೂರಾನರು ಹೀಗೆ ಐದೂ ಕಡೆಯವರ ಕಣ್ಣಿನಿಂದ ವಿವರಿಸಿತು. ಅದರಲ್ಲಿ ಯುನಿಸಳ ಕತೆಯೂ ಸೇರಿದೆ.